ಗ್ಲಾಸುಕೇರಿ

ಬೆಳಗಿನ ಐದಕ್ಕೆ, ಮಡಿಕೇರಿ ಇನ್ನೂ ಮಂಜೊಳಗಿರುವಾಗ
ಕೇರಿಯ ತಲೆಯಲ್ಲಿ ಮಂಡಿಯೂರಿ ಕೂರುತ್ತೇನೆ.
ಕಬ್ಬಿಣದ ಮುಚ್ಚಳ ಎತ್ತಿ, ಉದ್ದ ಕೀಲಿ ಇಳಿಸಿ
ಹದಿಮೂರು ಸುತ್ತು ಎಡಕ್ಕೆ.
ಹದಿನಾಲ್ಕನೆಯದನ್ನು ಅದು ಸಹಿಸುವುದಿಲ್ಲ.
ಅಪ್ಪ ಬಿಟ್ಟುಹೋದ ಆಸ್ತಿ ಅಂದರೆ ಈ ಲೆಕ್ಕ.

ಗ್ಲಾಸುಕೇರಿ ಅಂತ ಯಾಕೆ ಹೆಸರು ಅಂದರೆ
ಒಬ್ಬೊಬ್ಬರದು ಒಂದೊಂದು.
ಬೇಕರಿಯ ಸಾಲು ಬಾಯಿ: ಮೊದಲ ಗಾಜಿನ ಕಿಟಕಿ ನಮ್ಮ ಮಾವಂದು,
ಊರೇ ಬಂದು ಅದರಲ್ಲಿ ಮುಖ ನೋಡಿಕೊಂಡಿತು.
ಸುಬೇದಾರ್ ಮಂದಪ್ಪ: ರಮ್ಮಿನ ಗ್ಲಾಸು, ಮತ್ತೇನು?
ಕುಂಞಾಮು ಕಾಕ: ಗಾಡಿಯವರಿಗೆ ನಮ್ಮಜ್ಜ ಕೊಟ್ಟ ಅರ್ಧ ಗ್ಲಾಸು ಚಹಾ,
ಇನ್ನರ್ಧದ ದುಡ್ಡು ಇವತ್ತಿಗೂ ಬಾಕಿ.
ನಗರಸಭೆಯವರು ಯಾರನ್ನೂ ಕೇಳಲಿಲ್ಲ.
ಹಳದಿ ಬೋರ್ಡಿನ ಮೇಲೆ ಬರೆಸಿದರು: ಸ್ಫಟಿಕ ನಗರ.
ಆ ವಿಳಾಸ ಹುಡುಕಿಕೊಂಡು
ಕರೆಂಟು ಬಿಲ್ಲು ಬಿಟ್ಟರೆ ಯಾರೂ ಬಂದಿಲ್ಲ.

ನನ್ನ ಬೆರಳಿಗೆ ಗೊತ್ತು.
ಶಾಲೆಗೆ ಸೇರುವ ಮೊದಲೇ ಅಪ್ಪ
ವಾಲ್ವಿನ ಕೊರಳ ಸುತ್ತ ಉಬ್ಬಿದ ಅಕ್ಷರಗಳ ಮೇಲೆ
ನನ್ನ ಕೈ ಹಿಡಿದು ಓಡಿಸಿದ್ದ:
ಮೊದಲನೆಯದು ಕುಡುಗೋಲು, ಮೂರನೆಯದು ಏಣಿ,
ಆರನೆಯದು ಬಳೆ,
ಏಳನೆಯದು ತಲೆಕೆಳಗಾದ ಎರಡು ಮನೆ ಮಾಡು.
ಆರನೇ ಕ್ಲಾಸಿನ ಭೂಪಟದಲ್ಲಿ ಅದೇ ಏಳು ಕಂಡಾಗ ಕೂಗಿಬಿಟ್ಟೆ.
ಟೀಚರು ಕೋಲಿಟ್ಟು ಅಂದರು: ಗ್ಲಾಸ್ಗೋ.
ಸ್ಕಾಟ್ಲೆಂಡು. ಅಲ್ಲೂ ಮಳೆ ಜಾಸ್ತಿಯಂತೆ.

ಅಂದರೆ ಹೀಗಿರಬೇಕು:
ಮೊದಲು ಇಲ್ಲಿ ಜೌಗು, ಜಿಗಣೆ, ಕಾಡುಹಂದಿಯ ದಾರಿ.
ಯಾವನೋ ಕೆಂಪು ಗಡ್ಡದ ದೊರೆ ಮೇಲೆ ಬಂಗಲೆ ಕಟ್ಟಿದ,
ನಡುವೆ ಕಾಫಿ ಒಣಗುವ ಕಣ,
ಕೆಳಗೆ ಗಾಡಿ ಎತ್ತುಗಳಿಗೆ ಕೊಟ್ಟಿಗೆ,
ಅದರ ಪಕ್ಕ ಅದಕ್ಕಿಂತ ತಗ್ಗು ಮಾಡಿನಲ್ಲಿ ಮನುಷ್ಯರು.
ಪೈಪು ಹಡಗು ಹತ್ತಿ ತಲಶ್ಶೇರಿಗೆ,
ಅಲ್ಲಿಂದ ಎತ್ತಿನ ಬೆನ್ನ ಬೆವರಲ್ಲಿ ಘಾಟಿ ಹತ್ತಿ ಇಲ್ಲಿಗೆ.
ಬಂಗಲೆಗೆ ಬಂದ ನೀರು ಕೆಳಗಿನ ಸಾಲಿಗೆ ಇಳಿಯಲು
ನಲವತ್ತು ವರ್ಷ ಹಿಡಿಯಿತು.
ಇಂಥ ಇಳಿಜಾರಿನ ಊರಲ್ಲಿ!

ದೊರೆ ಹೋದ. ಕಣದ ಮೇಲೆ ಮನೆ ಎದ್ದವು,
ಗೋಡೆಗೆ ಗೋಡೆ ಒರಗಿ.
ನಲ್ಲಿಯ ಬಳಿ ಜಗಳ ತುಳುವಿನಲ್ಲಿ ಶುರುವಾಗಿ
ಮಲೆಯಾಳದಲ್ಲಿ ಕಾವೇರಿ
ಕೊಡವ ತಕ್ಕಿನಲ್ಲಿ ಮುಗಿಯುತ್ತದೆ;
ರಾಜಿ ಮಾತ್ರ ಕನ್ನಡದಲ್ಲಿ.
ಗಂಡು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು.
ಮಂದಪ್ಪನವರ ಕೋವಿಯ ಸದ್ದು ಎಣಿಸಿ
ಸಾಲು ಬಾಯಿ ಬ್ರೆಡ್ಡಿನ ಹಿಟ್ಟು ಹೆಚ್ಚಿಸುತ್ತಾಳೆ.
ಮೊಮ್ಮಗಳು ಹುಟ್ಟಿದ ದಿನವೂ ಆತ ಒಂದು ಸಿಡಿಸಿದ.
ಕೇರಿ ಮೂರು ದಿನ ಅದನ್ನೇ ಜಗಿಯಿತು.

ಆಗಸ್ಟಿನಲ್ಲಿ ಗುಡ್ಡ ಜಾರಿದ ವರ್ಷ
ನೀರು ಮೊದಲು ಕೆಂಪಗೆ ಬಂತು. ಆಮೇಲೆ ಬರಲಿಲ್ಲ.
ಬಂಗಲೆ ಕಡೆಯ ಹನ್ನೊಂದು ಮನೆ
ಒಂದರ ಮೇಲೊಂದು ತೋಳು ಹಾಕಿ ಮಲಗಿದ್ದವು.
ನಾನು ಮಾಡಿದ್ದು ಇಷ್ಟು: ಹದಿಮೂರು ಸುತ್ತು ಬಲಕ್ಕೆ.
ಪೈಪು ಒಡೆದಿತ್ತು. ವಾಲ್ವು ಕಚ್ಚಿ ಹಿಡಿಯಿತು,
ಟ್ಯಾಂಕಿನ ನೀರು ಆ ಸಡಿಲ ಮಣ್ಣಿಗೆ ಹೋಗಲಿಲ್ಲ.
ಕಬ್ಬಿಣವನ್ನು ಹೊಗಳಬೇಡಿ.
ಆಯಿಸುಮ್ಮನ ಮಗ ಸಿಕ್ಕಿದ್ದು ಒಂಬತ್ತನೆಯ ದಿನ.

ಈಗ ನೀಲಿ ಪ್ಲಾಸ್ಟಿಕ್ಕು, ಹಗುರ, ಹೆಗಲ ಮೇಲೆ ಬರುತ್ತದೆ.
ಹಳೆಯದೆಲ್ಲ ಗುಜರಿಗೆ, ಕಿಲೋ ಲೆಕ್ಕ.
ವಾರಿಜಕ್ಕ, ವಾಲ್ವು ನೀವೇ ಇಟ್ಟುಕೊಳ್ಳಿ ನೆನಪಿಗೆ,
ಅಂದ ಎಂಜಿನಿಯರ್ ಹುಡುಗ.
ನಲವತ್ತು ಕಿಲೋ ನೆನಪು ಎಲ್ಲಿಡುವುದು?
ನಲ್ಲಿಯ ಪಕ್ಕ ಅರ್ಧ ಹೂತೆ.
ಕೊಡ ಇಳಿಸಲು ಎತ್ತರ ಸರಿಯಾಗಿದೆ,
ಏಳರಲ್ಲಿ ನಾಲ್ಕಕ್ಷರ ಮೇಲಿವೆ.

ನಾಳೆ ಕೆಳಸಾಲಿಗೆ ಐದೂವರೆಗೆ, ಅರ್ಧ ಗಂಟೆ ಮಾತ್ರ.
ಕೊಡ, ಬಕೆಟ್ಟು, ಏನಾದರೂ ಹಿಡಿದು ನಿಂತಿರಿ.
ಗ್ಲಾಸಾದರೂ.