ಮೂಗಿನ ನೇರಕ್ಕೆ

ಗುದೈಬಿಯಾದಲ್ಲಿ, ಕೋಲ್ಡ್ ಸ್ಟೋರಿನ ಮೇಲೆ ನಮ್ಮ ಕ್ಲಿನಿಕ್ಕು.
ಲಿಫ್ಟು ಕೆಟ್ಟ ದಿನವೇ ಬಂದ,
ಮೂವತ್ತೆರಡು ಮೆಟ್ಟಿಲು, ಒಂದೊಂದಕ್ಕೂ ಎರಡೂ ಕಾಲಿಟ್ಟು.
ಕಪಾಟು ಸಾಗಿಸುವಾಗ ಬಾಗಿಲಲ್ಲಿ ತಿರುಗಿಸುತ್ತೇವಲ್ಲ
ಹಾಗೆ ತನ್ನನ್ನು ತಾನೇ ತಿರುಗಿಸಿಕೊಂಡು ಒಳಗೆ.
ಮಾರಿಸೆಲ್ ಚೀಟಿ ಬರೆದಳು:
ಡೆಲ್ವಿನ್ ತಿಬೊಡೊ. ನಲವತ್ತಾರು. ಮೊಣಕಾಲು.

ಮೊಣಕಾಲು ಅಂತ ಬರೆದರೆ ಮುಗಿಯಿತೆ?
ಕಿರುಬೆರಳು ಮುನಿಸಿಕೊಂಡು ಹೊರಗೆ ಹೊರಟಿದೆ.
"ಅದು ಮೊದಲ ತಂಡದ್ದು. ಹಿಮ ಬೀಳುವ ಊರು."
ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗೆ.
"ಎರಡನೆಯದು. ಅಲ್ಲಿ ಸಂಬಳ ಚೆನ್ನಾಗಿತ್ತು."
ಕುತ್ತಿಗೆಯ ಹಿಂದೆ ಒತ್ತಿದಾಗ
ಯಾವ ಊರನ್ನೂ ಹೇಳಲಿಲ್ಲ.

ಫುಟ್ಬಾಲು ಅಂದ. ಒದೆಯುವುದಲ್ಲ, ಇನ್ನೊಂದು.
"ಕೈಕಾಲು ನಾಲ್ಕೂ ನೆಲಕ್ಕೂರಿ ಚೆಂಡಿನೆದುರು ಬಗ್ಗುತ್ತೇನೆ.
ನನ್ನ ಮೂಗಿನ ನೇರಕ್ಕೆ ಅವನ ಮೂಗು.
ಅದಕ್ಕೇ ನನ್ನ ಜಾಗದ ಹೆಸರೂ ಮೂಗು.
ಇಬ್ಬರು ಒಟ್ಟಿಗೆ ಮೇಲೆ ಬೀಳುತ್ತಾರೆ, ಹಿಡಿದು ನಿಲ್ಲಬೇಕು,
ನಾಲ್ಕು ಸೆಕೆಂಡು.
ಆ ಸಂದಿಯಲ್ಲಿ ಹಿಂದಿನಿಂದ ಒಬ್ಬ ಹಾರಿ ಬಂದು
ಚೆಂಡಿನವನನ್ನು ಕೆಡವುತ್ತಾನೆ.
ಮರುದಿನದ ಪೇಪರಿನಲ್ಲಿ ಅವನ ಮುಖ, ನನ್ನ ಬೆನ್ನು.
ನಂಬರಿನ ಅರ್ಧ."

ಒಂಬತ್ತು ವರ್ಷದಲ್ಲಿ ಚೆಂಡು ಮುಟ್ಟಿದ್ದು ಒಮ್ಮೆ.
ಯಾರದೋ ಕೈ ಜಾರಿ ಬಿತ್ತು, ಇವನು ಅದರ ಮೇಲೆ ಬಿದ್ದ,
ಇವನ ಮೇಲೆ ಹನ್ನೊಂದು ಜನ.
"ಕತ್ತಲೆ. ಒಳಗೆ ಬೆಚ್ಚಗಿತ್ತು" ಅಂದ.

ಎಣ್ಣೆ ತಿಕ್ಕುತ್ತ ನಾನೂ ಹೇಳಿದೆ,
ಜಮಖಂಡಿಯ ಗರಡಿ, ಅರಿಸಿನ ಬೆರೆಸಿದ ಕೆಮ್ಮಣ್ಣು,
ಹೂಕೋಸಿನಂಥ ಕಿವಿಯ ಈರಸಂಗಪ್ಪ ಕಾಕಾ,
ಗೆದ್ದವನಿಗೆ ಬೆಳ್ಳಿಯ ಕಡಗ.
"ಒಮ್ಮೆಗೆ ಎಷ್ಟು ಜನರ ಜೊತೆ?"
ಒಬ್ಬ.
"ಒಬ್ಬನೇ?"
ಮೇಜು ಕಿರ್ರೆನ್ನುವಂತೆ ನಕ್ಕ.
"ಪುಣ್ಯವಂತ ನಿನ್ನ ಕಾಕಾ."

ಮುಂದಿನ ಗುರುವಾರ, ಪಟ್ಟಿ ಸುತ್ತುವಾಗ, ಕೇಳದೆಯೇ ಹೇಳಿದ.
ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿಯುವ ಹುಡುಗ.
ಮುಖ ನೋಡುವುದಿಲ್ಲ ಅವನು.
"ಕೋಚ್ ಕರೀತಾರೆ. ಆಟದ ಪುಸ್ತಕ ತಗೊಂಡು ಬಾ."
ಪುಸ್ತಕ ಅಂದರೆ ಮುಗಿಯಿತು.
ಮೂರು ಊರು, ಮೂರು ಹುಡುಗರು.
ಕೊನೆಯವನಿಗೆ ಇವನೇ ಬಾಗಿಲು ತೆರೆದುಕೊಂಡು ನಿಂತಿದ್ದನಂತೆ,
ಪುಸ್ತಕ ಕಂಕುಳಲ್ಲಿ.

ನನ್ನ ಕೈ ನಿಂತಿತು.
ದಮ್ಮಾಮಿನಲ್ಲಿ, ಎರಡು ಸಾವಿರದ ಹದಿನಾರು,
"ಪಾಸ್‌ಪೋರ್ಟ್ ತಗೊಂಡು ಆಫೀಸಿಗೆ ಬನ್ನಿ" ಅಂದವನೂ
ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.
ಆ ವಾಕ್ಯವೇ ಬೇರೆ ಭಾಷೆಯಲ್ಲಿ.
ಹೇಳಲಿಲ್ಲ. ಪಟ್ಟಿ ಇನ್ನೊಂದು ಸುತ್ತು ಸುತ್ತಿದೆ,
ಬೇಕಾಗಿರಲಿಲ್ಲ.

ಗಲ್ಫಿಗೆ ಯಾಕೆ ಬಂದೆ ಅಂದರೆ
"ಹುಟ್ಟಿದ್ದೇ ಗಲ್ಫಿನಲ್ಲಿ" ಅನ್ನುತ್ತಾನೆ.
ಅವನದು ಇನ್ನೊಂದು ಕೊಲ್ಲಿ, ಲೂಯಿಸಿಯಾನಾ,
ಅಜ್ಜನ ಸಿಗಡಿ ದೋಣಿ,
ಕಡಲ ನಡುವೆ ಕಬ್ಬಿಣದ ಕಾಲೂರಿದ ತೈಲದ ಅಟ್ಟ,
ಹದಿನಾಲ್ಕು ದಿನ ಅಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ
ಇರುತ್ತಿದ್ದ ಅಪ್ಪ.
ಆಗಸ್ಟಿನ ರಾತ್ರಿ ಸಿತ್ರಾ ಕಡೆಯಿಂದ ಗಾಳಿ ಬೀಸಿದರೆ
ಮೂಗರಳಿಸಿ ನಿಲ್ಲುತ್ತಾನಂತೆ ಬಾಲ್ಕನಿಯಲ್ಲಿ:
ಉಪ್ಪು, ಡೀಸೆಲ್ಲು, ಸತ್ತ ಮೀನು.
ನಾನು ಬಯಲುಸೀಮೆಯವ,
ಸಮುದ್ರ ಮೊದಲು ಕಂಡದ್ದೇ ವಿಮಾನದ ಕಿಟಕಿಯಲ್ಲಿ.
ನಮ್ಮಿಬ್ಬರಲ್ಲಿ ಗಲ್ಫಿನವನು ಅವನೇ.

ಈಗ ಜುಫೈರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ,
ಮೈಮುಟ್ಟದ ಆಟ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ಕಿತ್ತರೆ ಸಾಕು.
"ಮುಟ್ಟದೆ ಹೇಗೆ ತಡೆಯುವುದು ಅಂತ
ನಾನೇ ಅವರಿಂದ ಕಲೀತಿದ್ದೇನೆ."

ನೋವು ಹತ್ತಕ್ಕೆ ಎಷ್ಟು ಅಂತ ಪ್ರತಿ ಸಲ ಕೇಳಬೇಕು, ನಿಯಮ.
ಮೂರು, ಅನ್ನುತ್ತಾನೆ.
ನಾನು ಏಳು ಬರೆಯುತ್ತೇನೆ.
ಅವನಿಗೆ ಕಾಣುತ್ತದೆ.

"ತಳ್ಳು" ಅಂದೆ ಕೊನೆಯ ದಿನ, ಅಂಗಾಲಿಗೆ ಅಂಗೈ ಕೊಟ್ಟು.
"ಎಷ್ಟು?"
ಇದ್ದಷ್ಟು.
ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ
ಅಳೆದು, ಚೂರೇ ಚೂರು ತಳ್ಳಿದ.
ಅಷ್ಟಕ್ಕೇ ಗೋಡೆಯ ಎಲುಬಿನ ಚಿತ್ರಕ್ಕೆ ಬೆನ್ನು ತಾಗಿತ್ತು,
ಮೊಣಕೈ ಅವನ ಹಿಡಿಯಲ್ಲಿತ್ತು.

ಲಿಫ್ಟು ರಿಪೇರಿಯಾಗಿದೆ. ನಾಲ್ಕು ಜನ, ಇನ್ನೂರೆಂಬತ್ತು ಕಿಲೋ.
ಅವನು ಒಳಗೆ ಹೋದ.
ಹೊರಗೆ ನಾನು, ಟೀ ತಟ್ಟೆ ಹಿಡಿದ ರಫೀಕುಲ್.
ಪರವಾಗಿಲ್ಲ, ಆಮೇಲೆ ಬರುತ್ತೇವೆ ಅಂದರೆ
ಕೇಳಲಿಲ್ಲ.
ಉಸಿರು ಒಳಗೆಳೆದು, ಭುಜ ಮಡಚಿ,
ಮೂಲೆಯ ಕನ್ನಡಿಗೆ ಬೆನ್ನೊತ್ತಿ ನಿಂತು
ಆ ಸೊಟ್ಟ ಕಿರುಬೆರಳಲ್ಲೇ ಬಾಗಿಲು ತಡೆದು,
"ಬನ್ನಿ ಬನ್ನಿ, ಜಾಗ ಇದೆ."