ಚೆಕ್ಕುಬಂದಿ

ಜಿಲ್ಲೆಯ ಕೈಪಿಡಿಗೆ ಹೊಸ ಆವೃತ್ತಿ ಬೇಕೆಂದು
ಢಾಕಾದಿಂದ ನಮೂನೆ ಬಂತು, ಹದಿನಾಲ್ಕು ಕಾಲಂ.
ಮೊದಲನೆಯದು ವಿಸ್ತೀರ್ಣ.
ಮಾಘದಲ್ಲೋ ಶ್ರಾವಣದಲ್ಲೋ ಎಂದು ಕೇಳಿ ಬರೆದೆ.
ಉತ್ತರ ಬರಲಿಲ್ಲ. ಭಾದ್ರಪದ ಬಂತು,
ಎರಡು ಮೌಜೆ ಕಡಿಮೆಯಾದವು.

ಹಳೆಯ ಪುಸ್ತಕ ಬೀರುವಿನಲ್ಲಿದೆ, ಗೆದ್ದಲು ತಿಂದು ಮಿಕ್ಕಿದ್ದು.
ಯಾರೋ ಸಾಹೇಬ ಆನೆಯ ಮೇಲೆ ಕೂತು ಬರೆಸಿದ್ದು:
ಜನ ಸಾಧುಗಳು, ಚಳಿಜ್ವರದವರು, ವ್ಯಾಜ್ಯಪ್ರಿಯರು;
ಪೂರ್ವದ ಗಡಿ ಬ್ರಹ್ಮಪುತ್ರ.
ಆ ಗಡಿ ಈಗ ಅವನ ಬಂಗಲೆಯ ಮೇಲೆ ಹರಿಯುತ್ತದೆ.
ಮೆಟ್ಟಿಲು ಎಲ್ಲಿತ್ತೆಂದು ಬೆಸ್ತರು
ಗಳ ಇಳಿಸಿ ತೋರಿಸುತ್ತಾರೆ.

ಖೊಯ್ಬರ್ ಮಾಝಿಯ ದೋಣಿಯಲ್ಲಿ ಝೌಕಾಟಿ ಚರಿಗೆ ಹೊರಟೆವು,
ನಾನು, ಅಕ್ಕಾಸ್ ಅಮೀನ್, ಅವನ ಸರಪಳಿ.
ಚರ್ ಅಂದರೆ ಕುದುರು,
ನದಿ ಹಡೆದದ್ದು, ನದಿಯೇ ತಿನ್ನುವುದು.
ಇಲ್ಲಿ ಏಳನೇ ವಾರ್ಡು ಮೂರನೆಯದರ ಗದ್ದೆಯಲ್ಲಿ
ಬಿಡಾರ ಹೂಡಿ ಒಂಬತ್ತು ವರ್ಷ.
ಶಾಲೆಯನ್ನು ಐದು ಸಲ ಬಿಚ್ಚಿ ಕಟ್ಟಿದ್ದಾರೆ,
ಯಾವ ತಗಡು ಯಾವ ಗೋಡೆಗೆಂದು ಸುಣ್ಣದಲ್ಲಿ ಅಂಕಿ ಹಾಕಿ.
ಮಕ್ಕಳು ಎಣಿಕೆ ಕಲಿಯುವುದು ಅದನ್ನು ನೋಡಿಯೇ;
ಹನ್ನೊಂದು ಯಾರಿಗೂ ಬರುವುದಿಲ್ಲ,
ಆ ತಗಡು ತೇಲಿಹೋಯಿತು.

ಕೊಹಿನೂರ್ ಬೇವಾ ಬಿದಿರುಬುಟ್ಟಿ ತಂದಿಟ್ಟಳು.
ಒಳಗೆ ಎಣ್ಣೆಬಟ್ಟೆ, ಅದರೊಳಗೆ ರಸೀದಿಗಳು.
ಗಂಡನ ಅಜ್ಜನದರ ಮೇಲೆ ರಾಜನ ತಲೆ,
ಮಾವನದರ ಮೇಲೆ ಚಂದ್ರ, ನಕ್ಷತ್ರ,
ಅವಳದರ ಮೇಲೆ ನೈದಿಲೆ.
ಹತ್ತೊಂಬತ್ತು ವರ್ಷ ನೀರಿಗೆ ಕಂದಾಯ ಕಟ್ಟಿದ್ದಾಳೆ.
"ಮುಳುಗಿದ್ದು ಏಳುತ್ತದೆ. ಎದ್ದಾಗ
ಯಾರದು ಅಂತ ನೀವು ಕೇಳುತ್ತೀರಲ್ಲ."

ಎದ್ದಿದೆ. ಈ ಚಳಿಗಾಲ, ದಕ್ಷಿಣಕ್ಕೆ,
ಬೂದುಬಣ್ಣದ ಎಮ್ಮೆಯ ಬೆನ್ನಿನ ಹಾಗೆ.
ಆಚೆ ದಡದವರು ಆಗಲೇ ನವಣೆ ಚೆಲ್ಲಿದ್ದಾರೆ,
ಬಿದಿರುಲಾಠಿಗೆ ಎಣ್ಣೆ ಸವರಿ ಕಾವಲು ಕೂತಿದ್ದಾರೆ.

ಅಮೀನ್ ನಕ್ಷೆ ಬಿಚ್ಚಿದ, ಗಾಳಿ ಮಡಚಿತು.
ಮತ್ತೆ ಬಿಚ್ಚಿ ನಾಲ್ಕು ಮೂಲೆಗೆ ನಾವೇ ಕೂತೆವು.
ಚೆಕ್ಕುಬಂದಿ ಓದು ಅಂದ. ಓದಿದೆ:
ಪೂರ್ವಕ್ಕೆ ಹೊಳೆ,
ಪಶ್ಚಿಮಕ್ಕೆ ಹೊಳೆಯಾಗಿದ್ದ ಮರಳು,
ಉತ್ತರಕ್ಕೆ ಇಮಾಮುದ್ದಿಯ ಹುಣಸೆಮರ, ಸದರಿ ಮರ ಇಲ್ಲ,
ದಕ್ಷಿಣಕ್ಕೆ ಮೂರು ಮೌಜೆ ಕೂಡುವ ಸರ್ವೆ ಕಲ್ಲು.

"ಕಲ್ಲಿದ್ದರೆ ಸರಪಳಿ ಹಿಡಿಯಬಹುದು," ಅಂದ ಅಕ್ಕಾಸ್,
"ಕಲ್ಲಿಲ್ಲದೆ ಎಲ್ಲಿಂದ ಅಂತ ಅಳೆಯಲಿ?"

ಮುದುಕಿ ಎದ್ದಳು. ಬಾತುಗೂಡಿನ ಬಾಗಿಲು ತೆಗೆದು
ಬೈಯುತ್ತ ಬಾತುಗಳನ್ನು ಆಚೆ ಓಡಿಸಿ
ಎರಡೂ ಕೈಯಿಂದ ಎಳೆದಳು:
ಮೂರು ಮೂಲೆ, ಮೇಲೊಂದು ಬಾಣದ ಗುರುತು,
ಹಿಕ್ಕೆ ಮೆತ್ತಿದೆ, ಒಂದು ಬದಿ
ಅರಿಸಿನ ಅರೆದು ಹಳದಿ.
ದಡ ಕುಸಿದ ರಾತ್ರಿ ಕಿತ್ತು ದೋಣಿಗೆ ಹಾಕಿದ್ದಂತೆ.
ಪೆಟ್ಟಿಗೆ ಬಿಟ್ಟಳು, ಕೋಳಿ ಬಿಟ್ಟಳು, ಇದನ್ನು ತಂದಳು.
ಏಳು ಸಲ ಮನೆ ಬದಲಿಸಿದರೂ ಸೊಸೆಯಂದಿರಿಗೆ
ಮೊದಲು ಹೊರಿಸಿದ್ದು ಇದನ್ನೇ.

"ತಗೊಳ್ಳಿ," ಅಂದಳು,
"ಎಲ್ಲಿ ನೆಡಬೇಕು ಹೇಳಿ."

ಅಕ್ಕಾಸ್ ನಗಲು ಹೋಗಿ ನಗಲಿಲ್ಲ.
ಮೂವತ್ತು ವರ್ಷದ ಚಾಕರಿಯವನು,
ಕಿಸೆಯ ಕರವಸ್ತ್ರ ತೆಗೆದು
ಆ ಬಾಣವನ್ನು ಒರೆಸಿದ.

ಅಳತೆ ಆಗಲಿಲ್ಲ. ಮುಂದಿನ ತಾರೀಖು ಹಾಕಿದೆವು.
ಹದಿನಾಲ್ಕನೆಯ ಕಾಲಂ ಷರಾ; ಅಲ್ಲಿ ನಾನು
"ಕಲ್ಲು ಕ್ಷೇಮ. ಜಾಗ ಹುಡುಕಬೇಕಿದೆ" ಎಂದು ಬರೆದೆ.
ಕೆಂಪು ಶಾಯಿಯಲ್ಲಿ ವಾಪಸು ಬಂತು:
ಷರಾದಲ್ಲಿ ಕಥೆ ಬರೆಯತಕ್ಕದ್ದಲ್ಲ.

ಆ ಸಂಜೆ ದೋಣಿ ಹತ್ತುವಾಗ ಅವಳು ಕೊಟ್ಟ ಬಾತುಮೊಟ್ಟೆ
ಅಂಗಿಜೇಬಿನಲ್ಲಿ ಬೆಚ್ಚಗಿತ್ತು.
ನಡುಹೊಳೆಯಲ್ಲಿ ಖೊಯ್ಬರ್ ಹುಟ್ಟು ನಿಲ್ಲಿಸಿ ಅಂದ:
ಇಗೋ, ಇಲ್ಲೇ ನನ್ನ ಮದುವೆಯಾದದ್ದು.