ಬಣವೆಯ ಹಿಂದೆ

ಹ್ಯಾಂಬರ್ಗಿನ ನಾಯಕಿ ಗುಂಡುಲಾಗೆ
ಹಸುವೆಂದರೆ ಎದೆ ಡವಡವ.
ಆಲ್ಪ್ಸ್ ಶಿಖರಕ್ಕೆ ಬೆನ್ನು ಕೊಟ್ಟು
ಬರೀ ಬಾಯಿ ತೆರೆದಳು.
ಯೋಡಲ್ ಹೊಮ್ಮಿದ್ದು
ಹುಲ್ಲುಬಣವೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ
ನಮ್ಮ ವಾಲ್ಬುರ್ಗತ್ತೆಯ ಗಂಟಲಿಂದ.
ಕೈಯಲ್ಲಿನ್ನೂ ಚೀಸಿನ ಹುಳಿವಾಸನೆ.
ಸಂಭಾವನೆ: ಹನ್ನೆರಡು ಮಾರ್ಕು, ಸಾಸೇಜು ಒಂದು.

ಐದು ಸಲ ಕಟ್.
ಒಮ್ಮೆ ಮೋಡ. ಒಮ್ಮೆ ನಾಯಕನ ತೊಗಲು ಚಡ್ಡಿ
ಪರ್ರೆಂದಿತು, ಸರಿಯಾಗಿ "ಪ್ರಿಯೆ" ಅನ್ನುವಾಗ.

ಕೆಂಪ್ಟನ್ನಿನ ಟಾಕೀಸಿನಲ್ಲಿ
ಗುಂಡುಲಾಳದು ಎಂಥ ಕಂಠ! ಅಂದರು ಮುಂದಿನ ಸಾಲಿನವರು.
ಅತ್ತೆಯೂ ಚಪ್ಪಾಳೆ ತಟ್ಟಿದಳು,
ಬಾಯಿಬಿಡಹೊರಟ ನನ್ನ ಕಾಲು ತುಳಿದು.

ಪರದೆಯಲ್ಲಿ ನಮ್ಮ ಹಸು ಶೆಕ್ಕಿ
ನಾಯಕಿಗೆ ಬಾಲ ತೋರಿಸಿ
ಗಂಟೆ ಅಲ್ಲಾಡಿಸುತ್ತ
ಸೀದಾ ಬಣವೆಯತ್ತ ನಡೆದಿತ್ತು,
ಹಾಲು ಕರೆಯುವ ಹೊತ್ತಾಯಿತೆಂದು.